ಲ್ಯಾಟಿನ್ ಗುಣವಾಚಕಗಳ ರೂಪಗಳನ್ನು ಅಭ್ಯಾಸ ಮಾಡುವ ಬಗೆ: ಕಲಿತವರ ಅನುಭವ

ಪ್ರಶ್ನೆ: ನಾನು ಲ್ಯಾಟಿನ್ ಭಾಷೆಯನ್ನು ಗುರುಗಳಿಲ್ಲದೆ ಕಲಿಯುತ್ತಿದ್ದೇನೆ. ನಾಮಪದಗಳ ವಿಭಕ್ತಿರೂಪಗಳು ಒಂದು ಮಟ್ಟಿಗೆ ಕೈಗೆ ಬಂದಿವೆಯಾದರೂ, ಅವುಗಳಿಗೆ ಗುಣವಾಚಕವನ್ನು ಸೇರಿಸುವಾಗ ಯಾವ ಪ್ರತ್ಯಯ ಹಚ್ಚಬೇಕೆಂಬುದು ತಿಳಿಯುವುದಿಲ್ಲ. ಬಲ್ಲವರು ತಮ್ಮ ಅಭ್ಯಾಸಕ್ರಮವನ್ನು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಂಸ್ಕೃತ ಓದಿದವರಿಗೆ ಇದರ ಮೂಲನಿಯಮ ಹೊಸದಲ್ಲ, ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳೇ ವಿಶೇಷಣಕ್ಕೂ ಬರುತ್ತವೆ. ಕನ್ನಡದಲ್ಲಿ ‘ಒಳ್ಳೆಯ’ ಎಂಬುದು ಹುಡುಗನೊಡನೆಯೂ ಹುಡುಗಿಯರೊಡನೆಯೂ ಹಾಗೆಯೇ ಉಳಿಯುವುದರಿಂದ ನಮಗೆ ಮೊದಮೊದಲು ತೊಡಕೆನಿಸುತ್ತದೆ. ಆದರೆ ಹೊಂದಬೇಕಾದದ್ದು ಈ ಮೂರೇ ಹೊರತು ಪದಗಳ ಕೊನೆಯ ಧ್ವನಿಯಲ್ಲ. ‘ನೌತ’ (ನಾವಿಕ) ಎಂಬುದು ಹೆಚ್ಚಾಗಿ ಸ್ತ್ರೀಲಿಂಗ ಪದಗಳೇ ಇರುವ ಮೊದಲನೆಯ ಗಣಕ್ಕೆ (ಒಂದೇ ಬಗೆಯ ಪ್ರತ್ಯಯಗಳನ್ನು ಪಡೆಯುವ ಪದಗಳ ಗುಂಪಿಗೆ) ಸೇರಿದರೂ ಪುಲ್ಲಿಂಗವಾದ್ದರಿಂದ ಒಳ್ಳೆಯ ನಾವಿಕನನ್ನು ‘ನೌತ ಬೊನುಸ್’ ಎನ್ನಬೇಕು, ‘ನೌತ ಬೊನ’ ಎನ್ನಬಾರದು. ನಾಮಪದವನ್ನು ಒಂಟಿಯಾಗಿ ಉರುಹೊಡೆಯದೆ, ಗುಣವಾಚಕದೊಡನೆ ಜೋಡಿಸಿ ಎಲ್ಲ ವಿಭಕ್ತಿಗಳಲ್ಲಿಯೂ ಗಟ್ಟಿಯಾಗಿ ಹೇಳುವುದು ನನಗೆ ಬಹಳ ಫಲ ಕೊಟ್ಟಿತು.

ಉತ್ತರ 2: ‘ಬೊನುಸ್, ಬೊನ, ಬೊನುಮ್’ ಬಗೆಯವು ಬೇಗ ಒಗ್ಗುತ್ತವೆ; ಹೆಚ್ಚಿನ ಶ್ರಮವನ್ನು ಮೂರನೆಯ ಗಣಕ್ಕೆ ಮೀಸಲಿಡಿ ಎಂಬುದು ನನ್ನ ಸಲಹೆ. ಅಲ್ಲಿ ‘ಫೊರ್ತಿಸ್’ (ಶೂರ) ಪುಲ್ಲಿಂಗ ಸ್ತ್ರೀಲಿಂಗಗಳೆರಡಕ್ಕೂ ಒಂದೇ, ನಪುಂಸಕಕ್ಕೆ ಮಾತ್ರ ‘ಫೊರ್ತೆ’. ‘ಫೇಲೀಕ್ಸ್’ (ಭಾಗ್ಯಶಾಲಿ) ಮೂರು ಲಿಂಗಗಳಿಗೂ ಒಂದೇ. ‘ಶೂರ ರಾಜನೊಡನೆ’ ಎನ್ನಲು ‘ಕುಮ್ ರೇಗೆ ಫೊರ್ತೀ’ ಎನ್ನುತ್ತಾರೆ; ಅಂದರೆ ಒಂದೇ ಗಣದ, ಒಂದೇ ವಿಭಕ್ತಿಯ ಎರಡು ಪದಗಳಲ್ಲಿ ನಾಮಪದ ಎಕಾರದಿಂದಲೂ ಗುಣವಾಚಕ ಈಕಾರದಿಂದಲೂ ಮುಗಿಯುತ್ತದೆ. ಷಷ್ಠೀ ಬಹುವಚನದಲ್ಲಿಯೂ ‘ರೇಗುಮ್ ಫೊರ್ತಿಯುಮ್’ ಎಂದು ಇದೇ ಭೇದ. ‘ವೆತುಸ್’ (ಹಳೆಯ) ಮೊದಲಾದ ಕೆಲವು ಮಾತ್ರ ಈ ಕಟ್ಟಿಗೆ ಒಳಪಡದೆ, ನಾಮಪದಗಳಂತೆಯೇ ‘ವೆತೆರೆ’, ‘ವೆತೆರುಮ್’ ಎಂಬಂತಾಗುತ್ತವೆ.

ಉತ್ತರ 3: ನಾನು ಲ್ಯಾಟಿನ್‌ಗೆ ಬಂದದ್ದು ಸಸ್ಯಶಾಸ್ತ್ರದ ದಾರಿಯಿಂದ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಸಸ್ಯಗಳ ಲ್ಯಾಟಿನ್ ಹೆಸರುಗಳಲ್ಲೇ ಸಾಕಷ್ಟು ಅಭ್ಯಾಸವಿದೆ. ಶ್ರೀಗಂಧದ ‘ಸ್ಯಾಂಟಲಮ್ ಆಲ್ಬಮ್’ ಮತ್ತು ಕರಿಮೆಣಸಿನ ‘ಪೈಪರ್ ನೈಗ್ರಮ್’ ಎರಡೂ ನಪುಂಸಕ. ಅರಳಿಯ ‘ಫೈಕಸ್ ರಿಲಿಜಿಯೋಸ’ದಲ್ಲಿ ‘ಫೈಕಸ್’ ನೋಡಲು ಪುಲ್ಲಿಂಗದಂತಿದ್ದರೂ, ಲ್ಯಾಟಿನ್‌ನಲ್ಲಿ ಮರಗಳ ಹೆಸರುಗಳು ಸಾಮಾನ್ಯವಾಗಿ ಸ್ತ್ರೀಲಿಂಗವಾದ್ದರಿಂದ ಗುಣವಾಚಕ ಸ್ತ್ರೀಲಿಂಗರೂಪವನ್ನೇ ತಾಳುತ್ತದೆ. ಆಲದ ‘ಫೈಕಸ್ ಬೆಂಗಾಲೆನ್ಸಿಸ್’ನಲ್ಲಿರುವುದು ‘ಫೊರ್ತಿಸ್’ ಬಗೆಯ ಗುಣವಾಚಕ. ಇವು ಪ್ರಥಮಾ ವಿಭಕ್ತಿಯನ್ನಷ್ಟೇ ಕಲಿಸುತ್ತವೆ ಎಂಬ ಮಿತಿ ಇದ್ದೇ ಇದೆ. ಉಳಿದ ವಿಭಕ್ತಿಗಳಿಗೆ ಮೊದಲ ಉತ್ತರದ ಕ್ರಮವನ್ನೇ ಹಿಡಿಯಬೇಕು.