ಬಿಪಿಎಲ್ ಕಾರ್ಡ್ ಇದ್ದರೂ ಆಂಜಿಯೋಗ್ರಾಂಗೆ ಮುಂಗಡ ಕೇಳುತ್ತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನೇಕಾರರ ಮನೆಯ ಮಗಳು, ಗುಳೇದಗುಡ್ಡ

ನಮ್ಮ ಮನೆಯಲ್ಲಿ ಎರಡು ಕೈಮಗ್ಗಗಳಿವೆ, ಖಣ ನೇಯುತ್ತೇವೆ. ಅವ್ವನಿಗೆ ಅರವತ್ತೊಂದು ವರ್ಷ. ದೀಪಾವಳಿಯಿಂದ ಈಚೆಗೆ ನೀರಿನ ಕೊಡ ಎತ್ತಿ ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿದುಕೊಂಡು ಕೂರುತ್ತಾಳೆ. ಮೂರು ತಿಂಗಳು ನಮಗೆ ಹೇಳಲೇ ಇಲ್ಲ. ಕೇಳಿದರೆ, "ಆಸ್ಪತ್ರೆಗೆ ಹೋದರೆ ಮಗ್ಗ ಮಾರಬೇಕಾಗುತ್ತದೆ" ಎಂದಳು. ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಹತ್ತಿಲ್ಲ.

ಕಳೆದ ವಾರ ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆ. ಇಸಿಜಿ, ಎಕೋ ಮಾಡಿಸಿ, ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂ ತಪಾಸಣೆ ಬೇಕು ಎಂದರು. ಬಿಪಿಎಲ್ ಕಾರ್ಡ್ ತೋರಿಸಿದರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಅದು ನಡೆಯುವುದಿಲ್ಲ, 20,000 ರೂಪಾಯಿ ಮುಂಗಡ ಕಟ್ಟಿದರೆ ಇವತ್ತೇ ದಾಖಲು ಮಾಡಿಕೊಳ್ಳುತ್ತೇವೆ ಎಂದರು. ವಾಪಸು ಬಂದೆವು. ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ ಎನ್ನುವ ಕಾರ್ಡ್ ಹಿಡಿದುಕೊಂಡೇ ವಾಪಸು ಬಂದೆವು. ತಮ್ಮ ಈಗಲೇ ಖಾಸಗಿ ವಿಮೆ ಮಾಡಿಸೋಣ ಎನ್ನುತ್ತಿದ್ದಾನೆ. ತಿಳಿದವರು ದಾರಿ ಹೇಳಿ.

ಉತ್ತರ: ನಿವೃತ್ತ ಶುಶ್ರೂಷಕಿ, ಬಾಗಲಕೋಟೆ

ತಂಗೀ, ಮುಂಗಡ ಕಟ್ಟಬೇಡ. ನಿಮ್ಮ ಕಾರ್ಡಿಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮೊದಲ ಬಾಗಿಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಗೆ ಮಾತ್ರ ಅವರು ಚೀಟಿ ಬರೆದು ಯೋಜನೆಗೆ ಸೇರಿದ ಆಸ್ಪತ್ರೆಗೆ ಕಳಿಸುತ್ತಾರೆ. ಆದ್ದರಿಂದ ನವನಗರದ ಜಿಲ್ಲಾ ಆಸ್ಪತ್ರೆಗೆ ಬೆಳಿಗ್ಗೆಯೇ ಹೋಗು. ಪಡಿತರ ಚೀಟಿ, ಆಧಾರ್, ಇಸಿಜಿ, ಎಕೋ ವರದಿಗಳು ಎಲ್ಲವೂ ಜೊತೆಗಿರಲಿ. ಪಡಿತರ ಚೀಟಿಯಲ್ಲಿ ಮತ್ತು ಆಧಾರ್‌ನಲ್ಲಿ ಅವ್ವನ ಹೆಸರು ಒಂದೇ ರೀತಿ ಇದೆಯೇ ಎಂದು ಈ ರಾತ್ರಿಯೇ ನೋಡಿಕೋ. ಒಂದು ಅಕ್ಷರ ಹೆಚ್ಚುಕಡಿಮೆಯಾಗಿ ಇಡೀ ದಿನ ಕೌಂಟರ್ ಮುಂದೆ ಕುಳಿತವರನ್ನು ನಾನು ಬಹಳ ಕಂಡಿದ್ದೇನೆ.

ರೆಫರಲ್ ಚೀಟಿ ಸಿಕ್ಕ ಮೇಲೆ, ಅವರು ಕಳಿಸಿದ ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರ ಯಾರೆಂದು ಕೇಳಿ ನೇರವಾಗಿ ಅವರ ಬಳಿಗೆ ಹೋಗು. ಯಾವ ತಪಾಸಣೆ ಪ್ಯಾಕೇಜಿನಲ್ಲಿ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದನ್ನು ದಾಖಲಾಗುವ ಮೊದಲೇ ಕೇಳಿಕೋ. ಗೊಂದಲವಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡು.

ಇದನ್ನು ಮಾತ್ರ ಮರೆಯಬೇಡ: ಅವ್ವ ಸುಮ್ಮನೆ ಕುಳಿತಾಗಲೂ ಎದೆನೋವು ಬಂದರೆ, ಬೆವರಿದರೆ, ನೋವು ಎಡಗೈಗೋ ದವಡೆಗೋ ಹರಿದರೆ ಚೀಟಿಗಾಗಿ ಕಾಯಬಾರದು. ತುರ್ತು ಸ್ಥಿತಿಯಲ್ಲಿ ರೆಫರಲ್ ಬೇಕಿಲ್ಲ. 108ಕ್ಕೆ ಫೋನ್ ಮಾಡಿ, ಯೋಜನೆಗೆ ಸೇರಿದ ಹತ್ತಿರದ ಆಸ್ಪತ್ರೆಗೆ ನೇರವಾಗಿ ಹೋಗು.

ಉತ್ತರ: ಕಿರಾಣಿ ಅಂಗಡಿಯವನು, ವಿಜಯಪುರ

ಅಕ್ಕಾ, ಖಾಸಗಿ ವಿಮೆ ಈಗ ಈ ಕಾಯಿಲೆಗೆ ಉಪಯೋಗವಾಗುವುದಿಲ್ಲ. ಮೊದಲೇ ಇರುವ ಕಾಯಿಲೆಗೆ ಕಂಪನಿಗಳು ಮೂರು ವರ್ಷದವರೆಗೂ ಕಾಯಿಸಬಹುದು. ಮುಚ್ಚಿಟ್ಟರೆ ಇನ್ನೂ ಕೆಟ್ಟದ್ದು. ನಮ್ಮ ಅಪ್ಪನ ರಕ್ತದೊತ್ತಡದ ವಿಷಯವನ್ನು ಅರ್ಜಿಯಲ್ಲಿ ಬರೆಯುವುದು ಬೇಡ ಎಂದು ಏಜೆಂಟ್ ಹೇಳಿದ, ನಾವೂ ಬರೆಯಲಿಲ್ಲ. ಪಾರ್ಶ್ವವಾಯು ಹೊಡೆದಾಗ ಕ್ಲೇಮ್ ತಿರಸ್ಕೃತವಾಯಿತು. ಎರಡು ವರ್ಷ ಕಟ್ಟಿದ ಕಂತೂ ಹೋಯಿತು, ಆಸ್ಪತ್ರೆಯ ಬಿಲ್ಲನ್ನೂ ನಾವೇ ಕಟ್ಟಿದೆವು. ವಿಮೆ ಮಾಡಿಸುವುದಾದರೆ ಆರೋಗ್ಯವಾಗಿರುವ ನಿಮ್ಮ ತಮ್ಮ ತನಗೆ ಮಾಡಿಸಲಿ, ಎಲ್ಲವನ್ನೂ ನಿಜವಾಗಿ ಬರೆಯಲಿ.

ಉತ್ತರ: ಕಬ್ಬು ಬೆಳೆಗಾರ, ಅಥಣಿ

ನಮ್ಮ ಕಡೆಯವರು ಏನಾದರೂ ಆದರೆ ಮಹಾರಾಷ್ಟ್ರದ ಮಿರಜಿಗೆ ಓಡುತ್ತೇವೆ, ಅದು ಹತ್ತಿರ. ನನ್ನ ತಮ್ಮನನ್ನು ಹಾಗೆಯೇ ಕರೆದೊಯ್ದೆ. ನಮ್ಮ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯಲಿಲ್ಲ, ಎರಡು ಎಮ್ಮೆ ಮಾರಿದೆವು. ಗಡಿ ದಾಟುವ ಮೊದಲು ಫೋನ್ ಮಾಡಿ ಕೇಳಬೇಕಿತ್ತು. ನೀವು ನೇಕಾರರ ಸಹಕಾರ ಸಂಘದಲ್ಲಿ ಸದಸ್ಯರಾಗಿದ್ದರೆ ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆಯೂ ಕಾರ್ಯದರ್ಶಿಯನ್ನು ವಿಚಾರಿಸಿ. ನೋಂದಣಿ ವರ್ಷವಿಡೀ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಅಕ್ಕಾ, ಅಣ್ಣಂದಿರೇ, ನಿಮಗೆಲ್ಲ ಕೈಮುಗಿಯುತ್ತೇನೆ. ಹೆಸರು ನೋಡಿದೆ: ಆಧಾರ್‌ನಲ್ಲಿ 'ಶಾಂತವ್ವ', ಪಡಿತರ ಚೀಟಿಯಲ್ಲಿ 'ಶಾಂತಾಬಾಯಿ'. ನಾಳೆ ಅದನ್ನು ಸರಿಪಡಿಸಲು ತಮ್ಮ ಹೋಗುತ್ತಾನೆ. ನಾನು ಅದಕ್ಕಾಗಿ ಕಾಯದೆ ಎರಡೂ ಕಾಗದ ಹಿಡಿದು ಅವ್ವನನ್ನು ಬೆಳಗಿನ ಮೊದಲ ಬಸ್ಸಿಗೆ ನವನಗರಕ್ಕೆ ಕರೆದೊಯ್ಯುತ್ತೇನೆ. ಮಗ್ಗದ ಹಾಸು ಮುಗಿಸಿಯೇ ಬರುತ್ತೇನೆ ಎಂದು ಅವ್ವ ಹಟ ಹಿಡಿದಿದ್ದಾಳೆ. ಮಗ್ಗದ ಮೇಲೆ ಈಗಲೇ ಬಟ್ಟೆ ಹೊದಿಸಿ ಬಂದೆ.