ಓಆರ್‌ಎಸ್ ಥೀಸಿಸ್: ಮೂಲ ಯೋಚನೆ ಯಾರದೆಂದು ಬರೆಯುವುದು?

ಮಕ್ಕಳವಿಭಾಗ_ಪಿಜಿ
ಭೇದಿಯಿಂದ ದಾಖಲಾದ ಮಕ್ಕಳಿಗೆ ಓಆರ್‌ಎಸ್ ಕುಡಿಸುವ ವಿಧಾನದ ಬಗ್ಗೆ ನನ್ನ ಥೀಸಿಸ್. ಪೀಠಿಕೆ ಬರೆಯುವಾಗ ಗೊಂದಲ ಶುರುವಾಗಿದೆ. ಓಆರ್‌ಎಸ್ ಹೇಮೇಂದ್ರನಾಥ ಚಟರ್ಜಿಯವರದು ಎಂದು ಕೆಲವರು, ಢಾಕಾದ ನಲಿನ್ ಮತ್ತು ಕ್ಯಾಷ್ ಅವರದು ಎಂದು ಕೆಲವರು, ದಿಲೀಪ್ ಮಹಲನಾಬಿಸ್ ಅವರದು ಎಂದು ಉಳಿದವರು. ಯಾವುದು ಸರಿ?

ಇನ್ನೊಂದು ವಿಷಯ. 5 ಮಿಲೀ ಸಿರಿಂಜಿನಲ್ಲಿ ಒಂದೊಂದು ಗುಟುಕು ಕೊಡುವುದು, ಪ್ರತಿ ಗುಟುಕಿಗೂ ತಾಯಿಯೇ ಮಂಚದ ಚಾರ್ಟಿನಲ್ಲಿ ಒಂದು ಗೆರೆ ಎಳೆಯುವುದು: ಇದನ್ನು ಸೂಚಿಸಿದವರು ವಾರ್ಡಿನ ಸ್ಟಾಫ್ ನರ್ಸ್. ಪ್ರಬಂಧ ಪ್ರಕಟಿಸುವಾಗ ಅವರು ಲೇಖಕರಾಗಬೇಕೇ, ಕೃತಜ್ಞತೆಯಲ್ಲಿ ಹೆಸರಿಸಿದರೆ ಸಾಕೇ?

ಹಳೇಸಂಪುಟ
ಒಬ್ಬರ ಹೆಸರಿಗೇ ಕಟ್ಟಲು ಹೋದರೆ ಉಳಿದವರಿಗೆ ಅನ್ಯಾಯ. ಯಾರು ಏನು ಮಾಡಿದರೋ ಅದನ್ನಷ್ಟೇ ಅವರ ಹೆಸರಿನ ಜೊತೆ ಬರೆಯಿರಿ.

ಚಟರ್ಜಿಯವರ ಲೇಖನ 1953ರ ನವೆಂಬರ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 186 ಕಾಲರಾ ರೋಗಿಗಳು. ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್. ವಾಂತಿ ನಿಲ್ಲಿಸಲು ಅವೊಮಿನ್, ಭೇದಿಗೆ ನಮ್ಮ ದೊಡ್ಡಪತ್ರೆ ಜಾತಿಯ ಎಲೆಯ ರಸ. ಆದರೆ ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ಒಳಹೋದ ದ್ರವ ಎಷ್ಟು, ಹೊರಬಂದದ್ದು ಎಷ್ಟು ಎಂಬ ಲೆಕ್ಕವೂ ಇರಲಿಲ್ಲ. ಹಾಗಾಗಿ ಬಾಯಿಯ ಮೂಲಕ ಉಪ್ಪು-ಗ್ಲೂಕೋಸ್ ಕೊಟ್ಟು ಫಲ ಕಂಡದ್ದನ್ನು ಮೊದಲೇ ವರದಿ ಮಾಡಿದವರು ಎಂಬ ಮನ್ನಣೆ ಅವರಿಗೆ ಸಲ್ಲಲೇಬೇಕು. ಸಾಬೀತು ಮಾಡಿದರು ಎಂದು ಬರೆಯಬೇಡಿ.

ಗ್ಲೂಕೋಸ್ ಜೊತೆಗೇ ಸೋಡಿಯಂ ಕರುಳಿನ ಗೋಡೆ ದಾಟುತ್ತದೆ ಎಂಬ ವಿವರಣೆಯನ್ನು 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದವರು ರಾಬರ್ಟ್ ಕ್ರೇನ್. ಹೋಲಿಕೆಯ ಗುಂಪಿಟ್ಟು ಮಾಡಿದ ನಿಯಂತ್ರಿತ ಪರೀಕ್ಷೆ ಢಾಕಾದ್ದು, 1968, ಅದೂ ‘ಲ್ಯಾನ್ಸೆಟ್’ನಲ್ಲೇ: ಡ್ರಿಪ್‌ನ ಅಗತ್ಯ ಶೇ 80ರಷ್ಟು ಇಳಿಯಿತು. ಇಲ್ಲಿ ಎಲ್ಲರೂ ಎಡವುವುದು ‘ನಲಿನ್ ಮತ್ತು ಕ್ಯಾಷ್’ ಎಂದು ನಿಲ್ಲಿಸಿಬಿಡುವಲ್ಲಿ. ಅದೇ ಪ್ರಬಂಧದಲ್ಲಿ ರಫೀಕುಲ್ ಇಸ್ಲಾಂ, ಮಜೀದ್ ಮೊಲ್ಲಾ, ರಾಬರ್ಟ್ ಫಿಲಿಪ್ಸ್ ಕೂಡ ಲೇಖಕರು. ‘ಮತ್ತಿತರರು’ ಎಂಬಲ್ಲಿ ಕಳೆದುಹೋಗುವವರು ಹೆಚ್ಚಾಗಿ ಸ್ಥಳೀಯ ವೈದ್ಯರೇ. ಪೀಠಿಕೆಯಲ್ಲಿ ಐದೂ ಹೆಸರು ಬರೆದರೆ ಅರ್ಧ ಸಾಲು ಹೆಚ್ಚಾಗುತ್ತದೆ, ಅಷ್ಟೇ.

ಮಹಲನಾಬಿಸ್ ಅವರದು 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ನಿರಾಶ್ರಿತರ ಶಿಬಿರ. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲ್ಕತ್ತೆಯಲ್ಲಿ ತೂಗಿ ಪಾಲಿಥೀನ್ ಚೀಲಕ್ಕೆ ತುಂಬಿದ್ದನ್ನು ಶಿಬಿರದ ಡ್ರಮ್ಮಿನಲ್ಲಿ ಕಲಸಿ, ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ಶೇ 3.6ಕ್ಕೆ ಇಳಿಯಿತು. ತರಬೇತಿಯಿಲ್ಲದವರೂ ಇದನ್ನು ಕೊಡಬಹುದೆಂದು ಇಕ್ಕಟ್ಟಿನ ನಡುವೆ ತೋರಿಸಿದ್ದು ಅವರ ತಂಡ. ಅದೇ ದೊಡ್ಡ ಕೆಲಸ. ಅದರ ಮೇಲೆ ಓಆರ್‌ಎಸ್ ಕಂಡುಹಿಡಿದವರೆಂಬ ಬಿರುದು ಹೊರಿಸುವುದು ಬೇಡ.

ಎಥಿಕ್ಸ್_ಕಡತ
ನರ್ಸ್ ವಿಷಯಕ್ಕೆ ಬರೋಣ. ಐಸಿಎಂಜೆಇ (ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ಪ್ರಕಾರ ಲೇಖಕರಾಗಲು ನಾಲ್ಕೂ ಷರತ್ತು ಪೂರೈಸಬೇಕು: ಯೋಚನೆ, ವಿನ್ಯಾಸ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು, ಕರಡು ಬರೆಯುವುದು ಇಲ್ಲವೇ ವಿಮರ್ಶಿಸಿ ತಿದ್ದುವುದು, ಅಂತಿಮ ಪ್ರತಿಗೆ ಒಪ್ಪಿಗೆ, ಪ್ರಬಂಧಕ್ಕೆ ಹೊಣೆ. ‘ಯೋಚನೆ ಮಾತ್ರ ಕೊಟ್ಟರು, ಬರೆಯಲಿಲ್ಲ’ ಎಂದು ಕೈಬಿಡುವುದು ರೂಢಿ. ಅದು ತಪ್ಪು. ಮೊದಲನೆಯದನ್ನು ಪೂರೈಸಿದವರಿಗೆ ಉಳಿದವುಗಳಲ್ಲಿ ಪಾಲ್ಗೊಳ್ಳುವ ಅವಕಾಶ ಕೊಡಬೇಕೆಂದು ಅದೇ ನಿಯಮದಲ್ಲಿದೆ. ಕರಡನ್ನು ಅವರಿಗೆ ಕೊಡಿ, ಇಂಗ್ಲಿಷ್ ತೊಡಕಾದರೆ ಕೂತು ಕನ್ನಡದಲ್ಲಿ ವಿವರಿಸಿ, ತಿದ್ದುಪಡಿ ಕೇಳಿ. ಅವರು ಬೇಡವೆಂದರೆ ಮಾತ್ರ ಕೃತಜ್ಞತೆ. ಅದಕ್ಕೂ ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು.

ಇದನ್ನು ಸಿನಾಪ್ಸಿಸ್ (ಥೀಸಿಸ್ ಶುರುವಿಗೆ ಮುನ್ನ ಸಲ್ಲಿಸುವ ಯೋಜನೆ) ಹಂತದಲ್ಲೇ ದಾಖಲಿಸಿ. ಫಲಿತಾಂಶ ಬಂದ ಮೇಲೆ ಮಾತಾಡಲು ಹೊರಟರೆ ಪಟ್ಟಿಯಲ್ಲಿ ಏನೂ ಮಾಡದ ಹಿರಿಯರು ಕೂತಿರುತ್ತಾರೆ, ಜಾಗ ಇರುವುದಿಲ್ಲ.

ಶಿಶುವೈದ್ಯ_ತಾಲ್ಲೂಕು
ಒಂದು ಎಚ್ಚರಿಕೆ. ಎರಡು ವರ್ಷದೊಳಗಿನ ಮಗುವಿಗೆ 1-2 ನಿಮಿಷಕ್ಕೊಂದು ಟೀ ಚಮಚ, ವಾಂತಿಯಾದರೆ 10 ನಿಮಿಷ ಬಿಟ್ಟು ನಿಧಾನವಾಗಿ ಮತ್ತೆ ಶುರು: ಇದು ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಕೈಪಿಡಿಯಲ್ಲಿ ಈಗಾಗಲೇ ಇದೆ. ಟೀ ಚಮಚ ಅಂದರೆ 5 ಮಿಲೀ. ಗುಟುಕಿನ ಅಳತೆಗೆ ಕೈಪಿಡಿಯನ್ನೇ ಉಲ್ಲೇಖಿಸಿ. ನರ್ಸ್ ಅವರದೆಂದು ಹೇಳಬಹುದಾದದ್ದು ತಾಯಿ ಗೆರೆ ಎಳೆಯುವ ಚಾರ್ಟ್. ಅದೂ ಮೊದಲು ಎಲ್ಲಾದರೂ ಬಂದಿದೆಯೇ ಎಂದು ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪ್ರಬಂಧಗಳ ಆನ್‌ಲೈನ್ ಸೂಚಿ) ಹುಡುಕಿ, ಹುಡುಕಿದ ಪದಗಳನ್ನೂ ತಾರೀಕನ್ನೂ ಬರೆದಿಡಿ.

ಇನ್ನೊಂದು: ಈಗಿನ ಪ್ಯಾಕೆಟ್ಟಿಗೆ 1971ರ ಮಿಶ್ರಣವನ್ನು ಆಧಾರವಾಗಿ ಕೊಡಬೇಡಿ. ಈಗಿನದು ಡಬ್ಲ್ಯುಎಚ್‌ಒದ 2002ರ ಸೂತ್ರ: ಲೀಟರಿಗೆ ಉಪ್ಪು 2.6, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9 ಗ್ರಾಂ. ಆಸ್ಮೊಲ್ಯಾರಿಟಿ (ದ್ರಾವಣದಲ್ಲಿ ಕರಗಿದ ಕಣಗಳ ಸಾಂದ್ರತೆ) ಡಬ್ಲ್ಯುಎಚ್‌ಒದ ಹಳೆಯ ಸೂತ್ರದಲ್ಲಿದ್ದ 311ರಿಂದ 245ಕ್ಕೆ ಇಳಿದಿದೆ.

ಮಕ್ಕಳವಿಭಾಗ_ಪಿಜಿ
ಧನ್ಯವಾದ. ವಿಧಾನದ ಅಧ್ಯಾಯದಲ್ಲಿ ‘ಗುಟುಕಿನ ಪ್ರಮಾಣ ಡಬ್ಲ್ಯುಎಚ್‌ಒ ಕೈಪಿಡಿಯಂತೆ, ತಾಯಿ ತುಂಬುವ ಚಾರ್ಟನ್ನು ರೂಪಿಸಿದವರು ಇಂಥವರು’ ಎಂದು ಹೆಸರು ಹಾಕಿ ಬರೆದರೆ ಆಗುತ್ತದೆಯೇ?

ಎಥಿಕ್ಸ್_ಕಡತ
ಆಗುತ್ತದೆ. ಥೀಸಿಸ್‌ಗೆ ಅದೇ ವಾಕ್ಯ ಇರಲಿ. ಜರ್ನಲ್ಲಿಗೆ ಕಳಿಸುವಾಗ ಲೇಖಕರ ಕೊಡುಗೆಯ ಪಟ್ಟಿಯಲ್ಲಿ ‘ಪರಿಕಲ್ಪನೆ’ ಎಂಬ ಸಾಲಿನಲ್ಲಿ ನಿಮ್ಮ ಹೆಸರಿನ ಜೊತೆ ಅವರದನ್ನೂ ಸೇರಿಸಿ.