ಸಿಯಾಟಲ್ ಸುತ್ತಲಿನ ಕಾಡುಗಳಲ್ಲಿ ಅಣಬೆ ಏಳುವ ಕಾಲ ಯಾವುದು?

ಪ್ರಶ್ನೆ – ತುಂಗಾತೀರ
ನಾನು ತೀರ್ಥಹಳ್ಳಿಯ ಕಡೆಯವನು. ಎರಡು ವರ್ಷಗಳಿಂದ ಸಿಯಾಟಲ್‌ನಲ್ಲಿದ್ದೇನೆ. ನಮ್ಮೂರಿನಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದು ಗುಡುಗಿದ ಕೆಲವೇ ದಿನಗಳಲ್ಲಿ ಹುತ್ತದ ಸುತ್ತ ಅಣಬೆ ಏಳುತ್ತಿತ್ತು. ಅಜ್ಜಿ ಬೆಳಗಿನ ಜಾವವೇ ಬುಟ್ಟಿ ಹಿಡಿದು ಹೊರಡುತ್ತಿದ್ದರು. ಅದೇ ನೆನಪಿನಲ್ಲಿ ಆಗಸ್ಟ್ ಕೊನೆಯ ಎರಡು ಶನಿವಾರ ಕ್ಯಾಸ್ಕೇಡ್ ಪರ್ವತಗಳ ತಪ್ಪಲಿನಲ್ಲಿ ಹೊಂಬಣ್ಣದ ಶ್ಯಾಂಟರೆಲ್ ಹುಡುಕಿದೆ. ಪಾಚಿಯೂ ಒಣಗಿ ಗರಿಗರಿಯಾಗಿತ್ತು, ಒಂದೂ ಸಿಗಲಿಲ್ಲ. ಇಲ್ಲಿ ಯಾವಾಗ ಹೊರಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ದೇವದಾರು
ತಾವು ಊರಿನ ಮಳೆಗಾಲದ ಲೆಕ್ಕವನ್ನು ಇಲ್ಲಿಗೆ ತಂದಿದ್ದೀರಿ. ಇಲ್ಲಿ ಜುಲೈ, ಆಗಸ್ಟ್ ತಿಂಗಳುಗಳೇ ವರ್ಷದ ಅತ್ಯಂತ ಒಣ ದಿನಗಳು. ನೆಲ ನೆನೆಯುವಂಥ ಮಳೆ ಸಾಮಾನ್ಯವಾಗಿ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಒಳಗೆ ಆರಂಭವಾಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಹುತ್ತದ ಅಣಬೆಯನ್ನು ಗೆದ್ದಲುಗಳೇ ಸಾಕುತ್ತವೆ, ಅದು ಎದ್ದು ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಶ್ಯಾಂಟರೆಲ್ ಮಾತ್ರ ಡಗ್ಲಸ್ ಫರ್, ಹೆಮ್ಲಾಕ್ ಮರಗಳ ಬೇರಿನೊಡನೆ ಕೊಡುಕೊಳ್ಳುವಿಕೆಯ ನಂಟು ಬೆಳೆಸಿಕೊಂಡು, ವಾರಗಟ್ಟಲೆ ನಿಧಾನವಾಗಿ ಬಲಿಯುತ್ತದೆ. ಆದ್ದರಿಂದ ಮಳೆ ಬಂದ ಮರುದಿನ ಓಡುವುದರಿಂದ ಪ್ರಯೋಜನವಿಲ್ಲ. ಮೊದಲ ದೊಡ್ಡ ಮಳೆಯಾಗಿ ಸುಮಾರು ಎರಡು ವಾರ ಕಳೆದ ಮೇಲೆ ಹೋಗಿ ನೋಡಿ, ಚಿಕ್ಕವನ್ನು ಬಿಟ್ಟು ಬನ್ನಿ, ಮತ್ತೆ ಅದೇ ಜಾಗಕ್ಕೆ ಹೋಗಿ.

ತಿಂಗಳಿಗಿಂತ ಎತ್ತರವನ್ನು ಗಮನಿಸುವುದು ಮುಖ್ಯ ಎಂಬುದು ನನ್ನ ಅನುಭವ. ಶರತ್ಕಾಲದಲ್ಲಿ ಮೇಲಿನ ಇಳಿಜಾರುಗಳಲ್ಲಿ ಹಿಮ ಬೇಗ ಬಿದ್ದು ಹಂಗಾಮು ಮುಗಿಯುತ್ತದೆ. ತಗ್ಗಿನ ಕಾಡುಗಳಲ್ಲಿ ನವೆಂಬರ್‌ವರೆಗೂ ಸಿಗುತ್ತದೆ. ಬಲವಾದ ಹೆಪ್ಪುಗಟ್ಟುವ ಚಳಿ ಬಿದ್ದರೆ ಶ್ಯಾಂಟರೆಲ್ ಕರಗಿ ಲೋಳೆಯಾಗುತ್ತದೆ. ಆಮೇಲೂ ಬುಟ್ಟಿಯನ್ನು ಮೂಲೆಗಿಡಬೇಕಿಲ್ಲ, ಏಕೆಂದರೆ ಯೆಲ್ಲೋಫುಟ್ ಮತ್ತು ತೊಪ್ಪಿಯಡಿ ಮುಳ್ಳುಗಳಿರುವ ಹೆಡ್ಜ್‌ಹಾಗ್ ಅಣಬೆಗಳು ತಗ್ಗಿನಲ್ಲಿ ಚಳಿಗಾಲದೊಳಕ್ಕೂ ಮುಂದುವರಿಯುತ್ತವೆ. ವಸಂತದಲ್ಲಿ ಈ ಲೆಕ್ಕ ತಿರುಗುತ್ತದೆ: ಹಿಮ ಕರಗಿದಂತೆಲ್ಲ ಮೊರೆಲ್ ಅಣಬೆ ಏಪ್ರಿಲ್‌ನಲ್ಲಿ ಕೆಳಗಿನಿಂದ ಆರಂಭವಾಗಿ ಜೂನ್ ಹೊತ್ತಿಗೆ ಮೇಲೇರುತ್ತದೆ, ಅದರಲ್ಲೂ ಕ್ಯಾಸ್ಕೇಡ್‌ನ ಪೂರ್ವ ಪಾರ್ಶ್ವದಲ್ಲಿ ಹಿಂದಿನ ವರ್ಷ ಕಾಡ್ಗಿಚ್ಚು ಬಿದ್ದ ಜಾಗಗಳಲ್ಲಿ.

ಉತ್ತರ – ಹಸಿರುಗಣ್ಣು
ಕಾಲದ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಶರತ್ಕಾಲದ ಇದೇ ದಿನಗಳಲ್ಲಿ ಸಿಯಾಟಲ್ ನಗರದ ಬೀದಿಮರಗಳ ಕೆಳಗೆ ಡೆತ್ ಕ್ಯಾಪ್ ಎಂಬ ಮಾರಕ ಅಣಬೆ ಏಳುತ್ತದೆ. ಏಷ್ಯಾದಿಂದ ಬಂದವರು ಅದರ ಎಳೆಯ ಮೊಗ್ಗನ್ನು ಭತ್ತದ ಹುಲ್ಲಿನ ಅಣಬೆ ಎಂದು ತಿಳಿದು ತಿಂದ ಪ್ರಕರಣಗಳಿವೆ. ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ; ವಾಂತಿ, ಭೇದಿ ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ ಶುರುವಾಗಿ, ನಡುವೆ ಗುಣವಾದಂತೆ ಕಂಡು, ಅಷ್ಟರಲ್ಲಿ ಯಕೃತ್ತು ಹಾಳಾಗಿರುತ್ತದೆ. ಊರಿನಲ್ಲಿ ಕಲಿತ ಗುರುತುಗಳನ್ನು ಇಲ್ಲಿ ನಂಬಬೇಡಿ. 1964ರಲ್ಲಿ ಆರಂಭವಾದ ಪ್ಯೂಜೆಟ್ ಸೌಂಡ್ ಮೈಕಲಾಜಿಕಲ್ ಸೊಸೈಟಿಯವರು ಅಣಬೆಗಳನ್ನು ಗುರುತಿಸಲು ನೆರವಾಗುತ್ತಾರೆ. ಕಿತ್ತದ್ದನ್ನು ಬುಡಸಮೇತ ಅವರಿಗೆ ತೋರಿಸಿ.

ತುಂಗಾತೀರ
ಇಬ್ಬರಿಗೂ ಕೃತಜ್ಞತೆಗಳು. ಮೊದಲ ದೊಡ್ಡ ಮಳೆಯ ದಿನವನ್ನು ಗುರುತು ಹಾಕಿಕೊಂಡು, ಎರಡು ವಾರ ಬಿಟ್ಟು ತಗ್ಗಿನ ಕಾಡಿಗೆ ಹೋಗುತ್ತೇನೆ. ಈ ವರ್ಷ ಸಿಕ್ಕಿದ್ದೇನನ್ನೂ ಸೊಸೈಟಿಯವರಿಗೆ ತೋರಿಸದೆ ಒಲೆಯ ಮೇಲಿಡುವುದಿಲ್ಲ.